ಹಳೆ ಮನೆಯನ್ನು ನಾವೇ ರಿಪೇರಿ ಮಾಡಿಕೊಳ್ಳಬಹುದೇ? ಯಾವ ಕೆಲಸ ಮೊದಲು?

ಪ್ರಶ್ನೆ: ನಾನು, ನನ್ನ ಪತಿ ಇಬ್ಬರೂ ಉದ್ಯೋಗದಲ್ಲಿದ್ದೇವೆ. ಸುಮಾರು 35 ವರ್ಷ ಹಳೆಯ, ಒಂದೇ ಅಂತಸ್ತಿನ, ಇಟ್ಟಿಗೆ ಗೋಡೆಯ ಆರ್‌ಸಿಸಿ ಮನೆ ಕೊಂಡಿದ್ದೇವೆ. ರಜಾ ದಿನಗಳಲ್ಲಿ ಆದಷ್ಟು ಕೆಲಸ ನಾವೇ ಮಾಡಿಕೊಳ್ಳುವ ಆಸೆ. ಹಾಲ್‌ನ ಎರಡು ಗೋಡೆಗಳಲ್ಲಿ ಸೊಂಟದೆತ್ತರದವರೆಗೆ ಬಣ್ಣ ಸುಲಿದು ಬಿಳಿ ಪುಡಿ ಉದುರುತ್ತಿದೆ. ಒಂದು ಹೊರಗೋಡೆ, ಇನ್ನೊಂದರ ಹಿಂದೆ ಬಾತ್‌ರೂಮ್ ಇದೆ. ಹಿಂದಿನ ಮಾಲೀಕರು ಹೋದ ವರ್ಷವಷ್ಟೇ ಕೆರೆಸಿ, ಪುಟ್ಟಿ ಹಾಕಿಸಿ, ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ದರಂತೆ. ಅಡುಗೆಮನೆಗೂ ಹಾಲ್‌ಗೂ ನಡುವೆ ನಾಲ್ಕೂವರೆ ಇಂಚಿನ ಗೋಡೆ ಇದೆ. "ಅದು ಬರೀ ಅಡ್ಡಗೋಡೆ, ಒಡೆದರೆ ಏನೂ ಆಗಲ್ಲ" ಅನ್ನುತ್ತಾರೆ ಪರಿಚಯದ ಮೇಸ್ತ್ರಿ. ಬಾಗಿಲ ಮೂಲೆಗಳಲ್ಲಿ ಓರೆ ಬಿರುಕುಗಳಿವೆ. ವೈರಿಂಗ್ ಹಳೆಯದು. ಮೂರು ತಿಂಗಳಲ್ಲಿ ವಾಸಕ್ಕೆ ಬರಬೇಕು, ಮೂರು ವರ್ಷದ ಮಗುವಿದೆ. ಯಾವುದನ್ನು ನಾವು ಮಾಡಬಹುದು, ಯಾವುದನ್ನು ಮುಟ್ಟಬಾರದು, ಎಲ್ಲಿಂದ ಶುರು ಮಾಡಬೇಕು?

ಉತ್ತರ: ನೀವು ಬರೆದಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ನೀವಿಬ್ಬರೇ ಮಾಡಬಹುದಾದದ್ದು. ಆದರೆ ಹಿಂದಿನವರು ಮಾಡಿದ ಕ್ರಮದಲ್ಲಿ ಮಾಡಿದರೆ ಮುಂದಿನ ವರ್ಷ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿ ನಿಲ್ಲಿಸಬೇಕು. ಆಮೇಲೆ ಗೋಡೆ ಒಣಗಬೇಕು. ಗಾರೆ, ಪುಟ್ಟಿ, ಬಣ್ಣದ ಮಾತು ಅದಾದ ಮೇಲೆ. ಸ್ವಂತ ಕೈಯಿಂದ ಮಾಡಿದ ರಿಪೇರಿ ಕೆಡುವುದು ಹೆಚ್ಚಾಗಿ ಕೈಚಳಕ ಸಾಲದೆ ಅಲ್ಲ, ಒಣಗಲು ಸಮಯ ಕೊಡದೆ.

ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ತೇವ ನಿಲ್ಲುತ್ತದೆ ಎಂಬ ನಂಬಿಕೆ ಬಹಳ ಜನಕ್ಕಿದೆ. ಆ ಬಣ್ಣ ಹೊರಗಿನಿಂದ ಬಡಿಯುವ ನೀರನ್ನು ತಡೆಯಲು ಇರುವಂಥದ್ದು. ಗೋಡೆಯ ಒಳಗೇ ನೀರಿದ್ದರೆ ಅದು ಒಳಗಿನಿಂದ ಬಣ್ಣವನ್ನು ತಳ್ಳುತ್ತದೆ. ಇಟ್ಟಿಗೆ ಮತ್ತು ಗಾರೆಯ ಸಣ್ಣ ರಂಧ್ರಗಳು ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ನೆಲದ ನೀರನ್ನು ಮೇಲಕ್ಕೆ ಎಳೆಯುತ್ತವೆ. ಈ ತೇವ ಸಾಮಾನ್ಯವಾಗಿ ಮೂರು ಅಡಿಯ ಆಸುಪಾಸಿನವರೆಗೆ ಏರುತ್ತದೆ. ನೀರಿನ ಜೊತೆ ಮಣ್ಣಿನ, ಇಟ್ಟಿಗೆಯ ಲವಣವೂ ಬರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಗಾರೆಯ ಮೇಲ್ಪದರದಲ್ಲೇ ಹರಳುಗಟ್ಟಿ ಉಬ್ಬುತ್ತದೆ. ನಿಮ್ಮಲ್ಲಿ ಉದುರುತ್ತಿರುವ ಬಿಳಿ ಪುಡಿ ಅದೇ. ಬಣ್ಣ ಸುಲಿಯುವುದೂ, ಗಾರೆ ಪುಡಿಯಾಗುವುದೂ ಅದರಿಂದಲೇ. ಟೈಲ್ಸ್ ಅಂಟಿಸಿ ಮುಚ್ಚಿದರೆ ಆವಿಯಾಗುವ ದಾರಿ ಕಟ್ಟಿಹೋಗಿ ತೇವ ಟೈಲ್ಸ್‌ನ ಮೇಲಂಚಿಗೆ ಏರುತ್ತದೆ.

ನಿಮ್ಮ ಎರಡು ಗೋಡೆಗಳ ಕಾಯಿಲೆ ಒಂದೇ ಇರಲಾರದು, ಬೇರೆ ಬೇರೆಯಾಗಿ ಪರೀಕ್ಷಿಸಿ.

ಎರಡೂ ಗೋಡೆಗಳಲ್ಲಿ ಒಂದಡಿ ಚೌಕದಷ್ಟು ಜಾಗದ ಬಣ್ಣ ಕೆರೆದು, ಮೇಲ್ಮೈ ಒರೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ ಕೂತಿದ್ದರೆ ತೇವ ಗೋಡೆಯೊಳಗಿನದು. ಕೋಣೆಯ ಕಡೆ ಕೂತಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆಗೆದಿಡುವುದರಿಂದಲೇ ಬಹುಪಾಲು ಹೋಗುತ್ತದೆ.

ಹೊರಗೋಡೆಯದ್ದಾದರೆ ಮನೆಯಿಂದ ಆಚೆ ಬಂದು ಗೋಡೆಯ ಬುಡ ನೋಡಿ. ಹಳೆ ಮನೆಗಳಲ್ಲಿ ಹೂಕುಂಡದ ಕಟ್ಟೆ, ತುಂಬಿದ ಮಣ್ಣು, ಆಮೇಲೆ ಹಾಕಿದ ಕಾಂಕ್ರೀಟ್ ಎಲ್ಲ ಸೇರಿ ಹೊರಗಿನ ನೆಲ ವರ್ಷದಿಂದ ವರ್ಷಕ್ಕೆ ಮೇಲೆ ಬಂದಿರುತ್ತದೆ. ತಳಪಾಯದ ಮೇಲೆ ತೇವ ತಡೆಯಲು ಹಾಕಿದ ಡಿಪಿಸಿ ಪದರ ಮಣ್ಣಿನೊಳಗೆ ಹೂತುಹೋದರೆ ಅದಿದ್ದೂ ಇಲ್ಲದಂತೆ. ಹೊರಗಿನ ಮಣ್ಣು ಒಳಗಿನ ನೆಲಮಟ್ಟಕ್ಕಿಂತ ಕನಿಷ್ಠ ಆರು ಇಂಚು ಕೆಳಗಿರಬೇಕು, ನೀರು ಗೋಡೆಯಿಂದ ಆಚೆಗೆ ಹರಿಯುವಂತೆ ಇಳಿಜಾರಿರಬೇಕು. ತಾರಸಿಯ ನೀರಿನ ಪೈಪ್ ಗೋಡೆಯ ಬುಡಕ್ಕೇ ಸುರಿಯುತ್ತಿದ್ದರೆ ಅದನ್ನು ಮುಂದಕ್ಕೆ ಎಳೆಯಿರಿ. ಗುದ್ದಲಿ, ಬಾಂಡ್ಲಿ ಹಿಡಿದು ನೀವಿಬ್ಬರೇ ಮಾಡಬಹುದಾದ ಕೆಲಸ ಇದು. ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಫಲ ಕೊಡುವುದೂ ಇದೇ. ಒಂದೇ ಎಚ್ಚರಿಕೆ: ತೆಗೆಯಬೇಕಾದದ್ದು ಆಮೇಲೆ ತುಂಬಿದ ಮಣ್ಣು ಮಾತ್ರ. ತಳಪಾಯದ ಪಕ್ಕ ಆಳವಾಗಿ ಅಗೆಯಬೇಡಿ.

ಮಣ್ಣು ತಗ್ಗಿಸಿ, ನೀರು ದೂರ ಮಾಡಿ, ಗೋಡೆಗೆ ಒಣಗಲು ಸಮಯ ಕೊಟ್ಟ ಮೇಲೂ ತೇವ ಏರುತ್ತಲೇ ಇದ್ದರೆ ಆಗ ಡಿಪಿಸಿ ಇಲ್ಲ ಅಥವಾ ಒಡೆದಿದೆ ಎಂದರ್ಥ. ಅಂಥ ಕಡೆ ನೆಲದಿಂದ ಸ್ವಲ್ಪ ಮೇಲೆ, ಗಾರೆಯ ಸಾಲಿನಲ್ಲಿ, 12 ಮಿಲಿಮೀಟರ್ ರಂಧ್ರಗಳನ್ನು ನಾಲ್ಕೈದು ಇಂಚಿಗೊಂದರಂತೆ ಕೊರೆದು, ನೀರು ಏರದಂತೆ ತಡೆಯುವ ಸಿಲೇನ್ ಕ್ರೀಮ್ ತುಂಬುವ ವಿಧಾನವಿದೆ. ಸಿಮೆಂಟ್ ಗಾರೆಯ ಗೋಡೆಯಲ್ಲಿ ಕೆಲಸ ಮಾಡುತ್ತದೆ. ಮಣ್ಣಿನ ಗಾರೆಯಲ್ಲಿ, ಒಳಗೆ ಪೊಳ್ಳಿರುವ ಕಲ್ಲಿನ ಗೋಡೆಯಲ್ಲಿ ಕ್ರೀಮ್ ಎಲ್ಲೆಂದರಲ್ಲಿ ಹರಿದು ವ್ಯರ್ಥ. ಮಣ್ಣು ತಗ್ಗಿಸದೆ ಇದನ್ನೇ ಮೊದಲು ಮಾಡಿಸಿದರೆ ಅದೂ ವ್ಯರ್ಥವೇ, ನೀರು ಆ ಸಾಲನ್ನು ದಾಟಿ ಮೇಲಿನಿಂದ ಬರುತ್ತದೆ.

ಬಾತ್‌ರೂಮ್ ಕಡೆಯ ಗೋಡೆಗೆ ಬರೋಣ. ಇಲ್ಲಿ ಸೋರುವುದು ನೀರು ಬರುವ ಪೈಪೋ ಅಥವಾ ನೆಲವೋ ಎಂದು ಬೇರ್ಪಡಿಸಬೇಕು. ಮನೆಯಲ್ಲಿ ಯಾರೂ ಇಲ್ಲದ ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿಗೆ ನೀರು ಬರುವ ವಾಲ್ವ್ ಕಟ್ಟಿ, ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಪೈಪ್ ಅಥವಾ ಫ್ಲಶ್ ಟ್ಯಾಂಕ್ ಸೋರುತ್ತಿದೆ. ನೆಲದ ಪರೀಕ್ಷೆಗೆ, ನೀರು ಹೋಗುವ ತೂತಿಗೆ ಬಟ್ಟೆ ಮತ್ತು ಪ್ಲಾಸ್ಟಿಕ್ ಬಿಗಿದು ಬಾಗಿಲ ಹೊಸ್ತಿಲು ದಾಟದಂತೆ ಒಂದು ಇಂಚು ನೀರು ನಿಲ್ಲಿಸಿ. ಗೋಡೆಯ ಟೈಲ್ಸ್ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಪಕ್ಕದಲ್ಲೇ ಅಗಲ ಬಾಯಿಯ ಪ್ಲಾಸ್ಟಿಕ್ ಬೇಸಿನ್ನಿನಲ್ಲೂ ನೀರಿಟ್ಟು ಅದಕ್ಕೂ ಗೆರೆ ಹಾಕಿ. 24 ಗಂಟೆಯ ನಂತರ ಎರಡನ್ನೂ ಅಳೆಯಿರಿ. ಬೇಸಿನ್ನಿನಲ್ಲಿ ಇಳಿದದ್ದು ಆವಿಯಾಗಿ ಹೋದದ್ದು. ನೆಲದಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಆ ಹೆಚ್ಚಿನ ನೀರು ನೆಲದೊಳಗೆ ಹೋಗಿದೆ.

ನೆಲವೇ ಸೋರುತ್ತಿದ್ದರೆ ನಿಮ್ಮ ಮುಂದೆ ಮೂರು ದಾರಿ. ಟೈಲ್ಸ್ ಸಂದುಗಳನ್ನು ಕೆರೆದು ಎಪಾಕ್ಸಿ ಗ್ರೌಟ್ ತುಂಬುವುದು ಸುಲಭ, ನೀವೇ ಮಾಡಬಹುದು. ಸೋರಿಕೆ ಸಂದಿನಿಂದ ಮಾತ್ರ ಇದ್ದರೆ ಇದು ಸಾಕು, ಟ್ರ್ಯಾಪ್‌ನ (ನೀರು ಹೋಗುವ ತೂತಿನ ಕೆಳಗಿನ ಬಾಗಿದ ಭಾಗ) ಸುತ್ತ ಇದ್ದರೆ ಸಾಲದು. ಎರಡನೆಯದು ಹಳೆ ಟೈಲ್ಸ್ ಮೇಲೆಯೇ ವಾಟರ್‌ಪ್ರೂಫಿಂಗ್ ಬಳಿದು ಹೊಸ ಟೈಲ್ಸ್ ಹಾಕುವುದು. ಕೆಳಗೆ ನೆನೆದಿರುವ ಗಾರೆಯ ನೀರು ಆಗ ಹಾಗೇ ಸಿಕ್ಕಿಕೊಂಡು, ತಿಂಗಳುಗಟ್ಟಲೆ ಹಾಲ್‌ನ ಗೋಡೆಗೇ ಬರುತ್ತದೆ. ನೆಲ ಏರಿ ಬಾಗಿಲು, ಟ್ರ್ಯಾಪ್‌ನ ಮಟ್ಟವೂ ಕೆಡುತ್ತದೆ. ಮೂರನೆಯದು ಪೂರ್ತಿ ಒಡೆದು ಮಾಡುವುದು. ನಿಮ್ಮ ಮನೆಗೆ ನಾನು ಹೇಳುವುದು ಮೂರನೆಯದನ್ನೇ. 35 ವರ್ಷದ ಮನೆಯಲ್ಲಿ ಗೋಡೆಯೊಳಗಿರುವುದು ಬಹುಶಃ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್. ಅದು ಒಳಗಿನಿಂದ ತುಕ್ಕು ಹಿಡಿದು ಸವೆಯುವ ವಯಸ್ಸು. ಹೊಸ ಟೈಲ್ಸ್ ಹಾಕಿದ ಮೇಲೆ ಹಳೆ ಪೈಪ್ ಒಡೆದರೆ ಎಲ್ಲ ಕೆಲಸ ಮತ್ತೆ ಮೊದಲಿಂದ.

ಒಡೆಯುವುದು ನೀವು, ಪೈಪ್ ಬದಲಾಯಿಸುವುದು ಪ್ಲಂಬರ್, ವಾಟರ್‌ಪ್ರೂಫಿಂಗ್ ಬಳಿಯುವುದು ಮತ್ತೆ ನೀವು. ಬಳಿಯುವ ಮೊದಲು ನೆಲಕ್ಕೂ ಗೋಡೆಗೂ ಸೇರುವ ಮೂಲೆಯ ಉದ್ದಕ್ಕೂ ಒಂದು ಇಂಚಿನಷ್ಟು ಗಾರೆ ಹಾಕಿ ಬೆರಳಿನಿಂದ ಒಳಬಾಗಿನಂತೆ ತಿರುವಿ. ಚೂಪು ಮೂಲೆಯಲ್ಲಿ ಬಳಿದ ಪದರ ಬಿರಿಯುತ್ತದೆ. ಟ್ರ್ಯಾಪ್ ಮತ್ತು ಪೈಪ್ ನೆಲ ತೂರುವ ಜಾಗದ ಸುತ್ತ ಹಳೆ ಗಾರೆ ಬಿಡಿಸಿ, ಕುಗ್ಗದ ಗ್ರೌಟ್ ತುಂಬಿ. ಬಾತ್‌ರೂಮ್ ಸೋರಿಕೆಯಲ್ಲಿ ಮೊದಲು ಅನುಮಾನಿಸಬೇಕಾದ ಜಾಗ ಈ ಅಂಗೈಯಗಲದ ಸುತ್ತಳತೆಯೇ. ಪುಡಿ ಮತ್ತು ದ್ರವ ಎರಡು ಭಾಗದಲ್ಲಿ ಬರುವ ಅಕ್ರಿಲಿಕ್ ಸಿಮೆಂಟ್ ಲೇಪನವನ್ನು ಡಬ್ಬದ ಮೇಲಿನ ಪ್ರಮಾಣದಲ್ಲೇ ಕಲಸಿ, ತುಸು ಒದ್ದೆ ಮಾಡಿದ ಮೇಲ್ಮೈಗೆ ಬ್ರಷ್‌ನಿಂದ ಬಳಿಯಿರಿ. ಮೂಲೆಗಳಲ್ಲಿ ಮೊದಲ ಪದರ ಹಸಿಯಿರುವಾಗಲೇ ನಾರಿನ ಜಾಲರಿ ಪಟ್ಟಿ ಒತ್ತಿ. ಎರಡನೇ ಪದರವನ್ನು ಮೊದಲನೆಯದಕ್ಕೆ ಅಡ್ಡ ದಿಕ್ಕಿನಲ್ಲಿ ಎಳೆಯಿರಿ. ಎಲ್ಲ ಗೋಡೆಗೂ ಒಂದು ಅಡಿ ಎತ್ತರಕ್ಕೆ, ಸ್ನಾನದ ನೀರು ಬಡಿಯುವ ಗೋಡೆಗೆ ಆರೇಳು ಅಡಿಗೆ ಬಳಿಯಬೇಕು. ಲೇಪನ ಗಟ್ಟಿಯಾದ ಮೇಲೆ, ಟೈಲ್ಸ್ ಹಾಕುವ ಮೊದಲು, 48 ಗಂಟೆ ನೀರು ನಿಲ್ಲಿಸಿ ನೋಡಿ. ಇದನ್ನು ಬಿಟ್ಟು ಟೈಲ್ಸ್ ಹಾಕಬೇಡಿ, ಎಷ್ಟೇ ಅವಸರವಿದ್ದರೂ. ಟೈಲ್ಸ್‌ನ ಇಳಿಜಾರು ಆರು ಅಡಿಗೆ ಸುಮಾರು ಒಂದು ಇಂಚು.

ನೀರು ನಿಂತಿತು ಎಂದಾದ ಮೇಲೆ ಹಾಲ್ ಗೋಡೆಗಳ ಗಾರೆ ತೆಗೆಯಿರಿ. ತೇವದ ಗುರುತಿಗಿಂತ ಒಂದು ಅಡಿ ಮೇಲಿನವರೆಗೆ, ಇಟ್ಟಿಗೆ ಕಾಣುವ ತನಕ. ಅದರಾಚೆಗೂ ಮರದ ಹಿಡಿಯಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ತೆಗೆಯಬೇಕು. ಇಟ್ಟಿಗೆ ಸಂದಿನ ಗಾರೆಯನ್ನು ಅರ್ಧ ಇಂಚು ಆಳಕ್ಕೆ ಕೆರೆಯಿರಿ, ಹೊಸ ಗಾರೆಗೆ ಹಿಡಿತ ಸಿಗುತ್ತದೆ. ಇಟ್ಟಿಗೆಯ ಮೇಲೆ ಕೂತ ಲವಣವನ್ನು ತಂತಿ ಬ್ರಷ್‌ನಿಂದ ಒಣಗಿದ್ದಂತೆಯೇ ಉಜ್ಜಿ, ಕಾಗದ ಹಾಸಿ ಪುಡಿ ಹಿಡಿದು ಆಚೆ ಹಾಕಿ. ನೀರು ಹಾಕಿ ತೊಳೆದರೆ ಲವಣ ಕರಗಿ ಮತ್ತೆ ಇಟ್ಟಿಗೆಯೊಳಗೇ ಹೋಗುತ್ತದೆ. ಆಮೇಲೆ ಗೋಡೆಯನ್ನು ಬೆತ್ತಲೆ ಬಿಡಿ, ಎರಡು ಮೂರು ವಾರಕ್ಕೊಮ್ಮೆ ಹೊಸದಾಗಿ ಕೂತ ಲವಣ ಉಜ್ಜುತ್ತಿರಿ.

ಎಷ್ಟು ದಿನ ಒಣಗಬೇಕು? ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬ ಅಂದಾಜು ಕಟ್ಟಡ ಕೆಲಸದವರಲ್ಲಿದೆ. ಆ ಲೆಕ್ಕದಲ್ಲಿ ಒಂಬತ್ತಿಂಚಿನ ಗೋಡೆ ಎರಡೂ ಕಡೆಯಿಂದ ಒಣಗಿದರೆ ನಾಲ್ಕೈದು ತಿಂಗಳು ಬೇಕು. ಒಂದೇ ಕಡೆಯಿಂದಾದರೆ ಅದರ ದುಪ್ಪಟ್ಟು. ಬಾತ್‌ರೂಮ್ ಕಡೆಯ ಗೋಡೆಗೆ ಆಚೆ ಬದಿಯಲ್ಲಿ ಲೇಪನ, ಟೈಲ್ಸ್ ಬರುವುದರಿಂದ ಅದು ಹಾಲ್ ಕಡೆಯಿಂದ ಮಾತ್ರ ಒಣಗಬೇಕು. ಅದಕ್ಕೇ ಬಾತ್‌ರೂಮ್ ಒಡೆದ ಮೇಲೆ ಟೈಲ್ಸ್ ಕೆಲಸ ಆದಷ್ಟು ತಡವಾಗಿ ಶುರು ಮಾಡಿದರೆ ಲಾಭ. ಫ್ಯಾನ್, ತೆರೆದ ಕಿಟಕಿ, ಡಿಹ್ಯೂಮಿಡಿಫೈಯರ್ ಒಳ್ಳೆಯದು. ಹೀಟರ್ ಅಥವಾ ಬೆಂಕಿಯ ಉರಿ ಹಿಡಿದರೆ ಮೇಲ್ಮೈ ಮಾತ್ರ ಒಣಗಿ ಒಳಗಿನದು ಹಾಗೇ ಇರುತ್ತದೆ.

ಹೊಸ ಗಾರೆಗೆ ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಎಂಬುದೂ ಒಂದು ತಪ್ಪು ನಂಬಿಕೆ. ಒಂದು ಸಿಮೆಂಟ್‌ಗೆ ಮೂರೇ ಮರಳು ಹಾಕಿದ ಗಾರೆ ಒಣಗುವಾಗ ಹೆಚ್ಚು ಕುಗ್ಗಿ ಸಣ್ಣ ಬಿರುಕು ಬಿಡುತ್ತದೆ, ಗೋಡೆ ಉಸಿರಾಡುವುದನ್ನೂ ತಡೆಯುತ್ತದೆ. ಒಳಗೋಡೆಗೆ ಒಂದು ಸಿಮೆಂಟ್‌ಗೆ ಆರು ಮರಳು, ಅರ್ಧ ಇಂಚು ದಪ್ಪ ಸಾಕು. 100 ಚದರ ಅಡಿಗೆ ಸುಮಾರು 40 ಕಿಲೋ ಸಿಮೆಂಟ್, ಆರು ಘನ ಅಡಿ ಮರಳು ಹಿಡಿಯುತ್ತದೆ. ನೀರು ಹಾಕಿದ ಅರ್ಧ ಗಂಟೆಯಲ್ಲಿ ಬಳಸಿ ಮುಗಿಯುವಷ್ಟೇ ಕಲಸಿ. ಹೊಸಬರ ಕೈಗೆ ಅದು ಎರಡು ಬಾಂಡ್ಲಿಗಿಂತ ಹೆಚ್ಚಿರುವುದಿಲ್ಲ. ಬಿಗಿಯಾಗತೊಡಗಿದ ಗಾರೆಗೆ ಮತ್ತೆ ನೀರು ಬೆರೆಸಿ ಸಡಿಲ ಮಾಡಿದರೆ ಅದರ ಬಲ ಹೋಯಿತು. ಏಳು ದಿನ ನೀರುಣಿಸಿ. ಆಮೇಲೆ ಕನಿಷ್ಠ ನಾಲ್ಕು ವಾರ ಬಿಟ್ಟು, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮತ್ತೊಮ್ಮೆ ಮಾಡಿ, ಹನಿ ಕಾಣದಿದ್ದರೆ ಪುಟ್ಟಿ. ಒಂದು ಮಾತು: ಹಳೆ ಇಟ್ಟಿಗೆ ಸಂದನ್ನು ಮೊಳೆಯಿಂದ ಕೆರೆದಾಗ ಬಿಳಿ, ಮೃದು ಪುಡಿ ಬಂದರೆ ಗೋಡೆ ಸುಣ್ಣದ ಗಾರೆಯದು. ಅದಕ್ಕೆ ಸುಣ್ಣದ ಗಾರೆಯನ್ನೇ ಹಚ್ಚಬೇಕು, ಸಿಮೆಂಟ್ ಅಲ್ಲ.

ಇನ್ನು ಆ ನಾಲ್ಕೂವರೆ ಇಂಚಿನ ಗೋಡೆ. ಮೇಸ್ತ್ರಿ ಹೇಳಿದ್ದು ನಿಜವಿರಬಹುದು, ಆದರೆ ದಪ್ಪ ನೋಡಿ ಅದನ್ನು ಹೇಳಲಾಗದು. ಪಿಲ್ಲರ್, ಬೀಮ್ ಇರುವ ಮನೆಯಲ್ಲಿ ಒಂಬತ್ತಿಂಚಿನ ಗೋಡೆಯೂ ಭಾರ ಹೊರದೆ ಇರಬಹುದು. ಗೋಡೆಯ ಮೇಲೇ ಸ್ಲ್ಯಾಬ್ ಕೂತಿರುವ ಮನೆಯಲ್ಲಿ ತೆಳು ಗೋಡೆಯೂ ಭಾರ ಹೊತ್ತಿರಬಹುದು. ಕಟ್ಟುವಾಗ ಭಾರ ಇಲ್ಲದಿದ್ದರೂ 35 ವರ್ಷದಲ್ಲಿ ಸ್ಲ್ಯಾಬ್ ನಿಧಾನವಾಗಿ ಬಾಗಿ ಅದರ ಮೇಲೆ ಕೂತಿರುವ ಸಾಧ್ಯತೆ ಇದೆ. ತೆಗೆದ ಕೂಡಲೇ ಏನೂ ಆಗದೆ, ತಿಂಗಳ ಮೇಲೆ ಮೇಲ್ಛಾವಣಿಯಲ್ಲಿ ಬಿರುಕು ಕಾಣುವುದು ಇದರಿಂದಲೇ. ಆ ಗೋಡೆಯ ಮೇಲೆ ಬೀಮ್ ಇದೆಯೇ, ತಾರಸಿಯಲ್ಲಿ ಸರಿಯಾಗಿ ಅದರ ಮೇಲೆ ನೀರಿನ ಟ್ಯಾಂಕ್ ಅಥವಾ ಕಟ್ಟೆ ಇದೆಯೇ, ಅಟ್ಟದ ಸ್ಲ್ಯಾಬ್ ಅದಕ್ಕೆ ಆತಿದೆಯೇ, ಇಷ್ಟನ್ನು ನೀವೇ ನೋಡಬಹುದು. ಆದರೆ ಸ್ಲ್ಯಾಬಿನ ಮುಖ್ಯ ಕಂಬಿ ಯಾವ ದಿಕ್ಕಿಗಿದೆ ಎಂದು ತಿಳಿಯದೆ ತೀರ್ಮಾನ ಮಾಡಲಾಗದು, ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಕಂಬಿ ಪತ್ತೆಯ ಉಪಕರಣದಿಂದ ನೋಡಬೇಕು.

ನಿಮಗೆ ಬೇಕಿರುವುದು ಬೆಳಕು, ಗಾಳಿ, ಮಗುವಿನ ಮೇಲೆ ಕಣ್ಣಿಡುವ ಅನುಕೂಲ ಎಂದಾದರೆ ಪೂರ್ತಿ ಗೋಡೆ ತೆಗೆಯುವ ಬದಲು ಮೂರೂವರೆ ಅಡಿಯ ತೆರಪು ಸಾಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಎಂಜಿನಿಯರ್ ಒಪ್ಪಬೇಕು, ಮೇಲಿನ ಭಾರ ಹೊರಲು ಲಿಂಟಲ್ (ಅಡ್ಡ ತೊಲೆ) ಬೇಕು, ಲಿಂಟಲ್ ಎರಡೂ ಕಡೆ ಕನಿಷ್ಠ ಆರು ಇಂಚು ಗೋಡೆಯ ಮೇಲೆ ಕೂತಿರಬೇಕು. ಮೊದಲ ಇಟ್ಟಿಗೆ ತೆಗೆಯುವ ಮುಂಚೆ ಗೋಡೆಯ ಎರಡೂ ಬದಿ ಸ್ಲ್ಯಾಬಿಗೆ ಜಾಕಿ ಆಧಾರ ಕೊಡಬೇಕು. ಸಿದ್ಧ ಲಿಂಟಲ್ ಬಳಸಿದರೆ ಕಾಂಕ್ರೀಟ್ ಬಲಿಯುವ ತನಕ ಕಾಯುವುದು ತಪ್ಪುತ್ತದೆ. ಈ ಕೆಲಸ ನೀವಿಬ್ಬರೇ ಮಾಡಬೇಡಿ.

ಇದೇ ತೆಳು ಗೋಡೆಯಲ್ಲಿ ಪೈಪ್ ಹಾಕಲು ಕೊರೆಯುವಾಗಲೂ ಮಿತಿಯಿದೆ. ಮೇಲಿಂದ ಕೆಳಕ್ಕೆ ಕೊರೆಯುವ ತೋಡಿನ ಆಳ ಗೋಡೆಯ ದಪ್ಪದ ಮೂರನೇ ಒಂದು ಭಾಗ ಮೀರಬಾರದು, ಅಡ್ಡಕ್ಕಾದರೆ ಆರನೇ ಒಂದು. ನಾಲ್ಕೂವರೆ ಇಂಚಿಗೆ ಇದು ಕ್ರಮವಾಗಿ ಒಂದೂವರೆ ಇಂಚು ಮತ್ತು ಮುಕ್ಕಾಲು ಇಂಚು. ಒಂದು ಇಂಚಿನ ವೈರಿಂಗ್ ಪೈಪ್ ನೇರವಾಗಿ ಹೋಗಬಹುದು, ಅಡ್ಡಡ್ಡ ಹೋಗಬಾರದು ಎಂದಾಯಿತು. ಸುತ್ತಿಗೆ ಉಳಿಯಿಂದ ಬಡಿಯದೆ ಕಟಿಂಗ್ ಮಷಿನ್‌ನಲ್ಲಿ ಎರಡು ಗೆರೆ ಕೊಯ್ದು ನಡುವಿನದನ್ನು ಬಿಡಿಸಿ.

ಬಾಗಿಲ ಮೂಲೆಯ ಓರೆ ಬಿರುಕಿಗೆ ಈಗಲೇ ಪುಟ್ಟಿ ತುಂಬಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ದಿನಾಂಕ ಬರೆಯಿರಿ. ನಡುವೆ, ಗಾರೆ ಕೆರೆದು, ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ಬದಿ ಎಪಾಕ್ಸಿಯಿಂದ ಅಂಟಿಸಿ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಮಗುವಿನ ಕೈಗೆ ಸಿಗದ ಎತ್ತರದಲ್ಲಿರಲಿ. ಒಂದು ಮಿಲಿಮೀಟರ್‌ಗಿಂತ ಕಿರಿದಾಗಿದ್ದು ತಿಂಗಳುಗಳ ಕಾಲ ಬೆಳೆಯದಿದ್ದರೆ ವಿ ಆಕಾರಕ್ಕೆ ಬಿಡಿಸಿ ಅಕ್ರಿಲಿಕ್ ಫಿಲ್ಲರ್ ತುಂಬಬಹುದು. ಬಿರುಕು ಐದು ಮಿಲಿಮೀಟರ್ ದಾಟಿದ್ದರೆ, ಒಂದು ಬದಿ ಮುಂದಕ್ಕೆ ಬಂದಿದ್ದರೆ, ಬಾಗಿಲು ಹೊಸದಾಗಿ ಉಜ್ಜುತ್ತಿದ್ದರೆ, ಎಂಜಿನಿಯರ್ ಬಂದಾಗ ಮೊದಲು ಅದನ್ನೇ ತೋರಿಸಿ. ಸ್ಲ್ಯಾಬಿನ ಅಡಿಯಲ್ಲಿ ಕಂದು ಕಲೆ, ಉಬ್ಬಿದ ಗಾರೆ ಇದ್ದರೆ ಅದನ್ನೂ ತೋರಿಸಿ. ಒಳಗಿನ ಕಂಬಿ ತುಕ್ಕು ಹಿಡಿದಾಗ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ, ಮೇಲೆ ಗಾರೆ ಮೆತ್ತಿದರೆ ಅದು ಮತ್ತೆ ಬೀಳುತ್ತದೆ, ಕೆಳಗೆ ಯಾರಿದ್ದರೂ.

ವೈರಿಂಗ್ ಪೂರ್ತಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ನೀವು ಕೇಳಿ ಖಚಿತ ಮಾಡಿಕೊಳ್ಳಬೇಕಾದದ್ದು ಎರಡು. ಪ್ರತಿ ಪ್ಲಗ್ ಪಾಯಿಂಟ್‌ಗೂ ಅರ್ಥಿಂಗ್ ತಂತಿ ಇರಬೇಕು, ಮತ್ತು 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿತ ಮಾಡುವ ಸ್ವಿಚ್) ಇರಬೇಕು. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇದ್ದರೆ ಶಾಕ್ ಹೊಡೆಯುವುದಿಲ್ಲ ಎಂದುಕೊಂಡವರು ಬಹಳ. ಎಂಸಿಬಿ ತಂತಿ ಬಿಸಿಯಾಗುವುದನ್ನು ತಡೆಯುತ್ತದೆ, ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಎಂಸಿಬಿ ಪದೇ ಪದೇ ಬೀಳುತ್ತದೆಂದು ದೊಡ್ಡದು ಹಾಕಿಸಿದರೆ ಹಳೆ ತಂತಿ ಗೋಡೆಯೊಳಗೇ ಸುಡುತ್ತದೆ. ಕೊರೆಯುವ ಕೆಲಸ ಇರುವುದರಿಂದ ವೈರಿಂಗ್ ಹೊಸ ಗಾರೆಗಿಂತ ಮುಂಚೆಯೇ ಮುಗಿಯಬೇಕು.

ಮಗುವಿನ ಕಾರಣಕ್ಕೆ ಒಂದು ವಿಷಯ ಒತ್ತಿ ಹೇಳುತ್ತೇನೆ. ಹಳೆ ಬಣ್ಣದ ಪದರಗಳಲ್ಲಿ, ಅದರಲ್ಲೂ ಬಾಗಿಲು, ಕಿಟಕಿ, ಗ್ರಿಲ್‌ಗಳ ಎನಾಮಲ್‌ನಲ್ಲಿ, ಸೀಸ ಇರುವ ಸಾಧ್ಯತೆ ಇದೆ. ಅದರ ಧೂಳು ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಒಣಗಿದ್ದಂತೆ ಸ್ಯಾಂಡ್‌ಪೇಪರ್ ಹಾಕಬೇಡಿ, ಬ್ಲೋ ಟಾರ್ಚ್ ಹಿಡಿಯಬೇಡಿ. ನೀರು ಚಿಮುಕಿಸುತ್ತಾ ಕೆರೆಯಿರಿ, ಎನ್95 ಮಾಸ್ಕ್ ಹಾಕಿ, ಪುಡಿಯನ್ನು ಒದ್ದೆ ಬಟ್ಟೆಯಿಂದ ತೆಗೆಯಿರಿ, ಗುಡಿಸಬೇಡಿ. ಕೆಲಸದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ. ಕೆಲಸ ನಡೆಯುವಾಗ ಮಗು ಆ ಮನೆಯಲ್ಲಿ ಇರಲೇಬಾರದು. ಹಳೆಯ ಅಲೆಅಲೆ ಸಿಮೆಂಟ್ ಶೀಟ್ ಎಲ್ಲಾದರೂ ಇದ್ದರೆ ಅದರಲ್ಲಿ ಕಲ್ನಾರು ಇರಬಹುದು. ಕೊಯ್ಯದೆ, ತೂತು ಮಾಡದೆ ಹಾಗೇ ಬಿಡಿ.

ಮೂರು ತಿಂಗಳಲ್ಲಿ ವಾಸಕ್ಕೆ ಬರುವುದು ಸಾಧ್ಯ, ಆದರೆ ಹಾಲ್‌ನ ಆ ಎರಡು ಗೋಡೆ ಮುಗಿದಿರುವುದಿಲ್ಲ. ಮೊದಲ ತಿಂಗಳು ಹೊರಗಿನ ಮಣ್ಣು, ನೀರಿನ ದಾರಿ, ಬಾತ್‌ರೂಮ್ ಒಡೆಯುವುದು, ಗಾರೆ ಕೆಡವುವುದು, ಎಂಜಿನಿಯರ್ ಭೇಟಿ. ಎರಡನೇ ತಿಂಗಳು ಪೈಪ್, ವೈರಿಂಗ್, ಗೋಡೆ ತೆರೆಯುವುದಿದ್ದರೆ ಅದು. ಮೂರನೆಯದರಲ್ಲಿ ಬಾತ್‌ರೂಮ್ ಲೇಪನ, ಟೈಲ್ಸ್, ಒಣಗಿರುವ ಉಳಿದ ಕೋಣೆಗಳ ಬಣ್ಣ. ಹಾಲ್‌ನ ಎರಡು ಗೋಡೆಗಳಲ್ಲಿ ಇಟ್ಟಿಗೆ ಕಾಣುತ್ತಿದ್ದರೂ ಸರಿ, ಹಾಗೇ ಬಿಟ್ಟು ಬನ್ನಿ. ಕಪಾಟು, ಸೋಫಾ ಅವಕ್ಕೆ ಒತ್ತಿ ಇಡದೆ ಅಂಗೈಯಗಲ ಜಾಗ ಬಿಡಿ. ಕಣ್ಣಿಗೆ ಸರಿಕಾಣದಿದ್ದರೆ ಮುಂದೆ ಹತ್ತಿಯ ಪರದೆ ಇಳಿಬಿಡಬಹುದು, ಪ್ಲಾಸ್ಟಿಕ್ ಮಾತ್ರ ಬೇಡ. ಆ ಗೋಡೆಗಳ ಸಿಮೆಂಟನ್ನು ಈಗಲೇ ತಂದಿಡಬೇಡಿ, ಮೂರು ತಿಂಗಳು ಕೂತ ಚೀಲ ತನ್ನ ಬಲದಲ್ಲಿ ಸುಮಾರು ಐದನೇ ಒಂದು ಪಾಲು ಕಳೆದುಕೊಂಡಿರುತ್ತದೆ.